ದೋಗೋ ಬುಗ್ಗೆಯ ಸ್ನಾನಗೃಹ

ಬೆಳಗಿನ ಆರು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದುವು. ಜಪಾನಿನ ಶಿಕೋಕು ದ್ವೀಪದಲ್ಲಿ, ಮತ್ಸುಯಾಮ ನಗರದ ಅಂಚಿನಲ್ಲಿರುವ ದೋಗೋ ಎಂಬ ಪೇಟೆಯಲ್ಲಿ, ಮೂರು ಅಂತಸ್ತಿನ ಮರದ ಕಟ್ಟಡವೊಂದರ ಮುಂದೆ ನಾವು ನಿಂತಿದ್ದೆವು. ನಮಗಿಂತ ಮುಂಚಿತವಾಗಿಯೇ ಅಲ್ಲಿ ಹತ್ತಿಪ್ಪತ್ತು ಮಂದಿ ಸಾಲುಗಟ್ಟಿದ್ದರು. ಹೆಚ್ಚಿನವರು ಆ ಊರಿನ ಮುದುಕರು. ಕೈಯಲ್ಲಿ ಒಂದು ಸಣ್ಣ ಬುಟ್ಟಿ, ಬುಟ್ಟಿಯಲ್ಲಿ ಸಾಬೂನು, ಹೆಗಲ ಮೇಲೊಂದು ಚೌಕ. ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಅಷ್ಟರಲ್ಲಿ ಮಾಳಿಗೆಯ ನೆತ್ತಿಯ ಮೇಲಿರುವ ಪುಟ್ಟ ಗೋಪುರದಿಂದ ನಗಾರಿಯ ಸದ್ದು ಕೇಳಿತು. ಎಣಿಸಿದೆವು, ಆರು ಪೆಟ್ಟು. ಆರನೆಯ ಪೆಟ್ಟಿನ ಗುಂಗು ಅಡಗುವ ಮುನ್ನವೇ ಬಾಗಿಲು ತೆರೆಯಿತು, ಸಾಲು ಮುಂದಕ್ಕೆ ಸರಿಯಿತು. ಈ ನಗಾರಿ ಬೆಳಗ್ಗೆ ಆರಕ್ಕೂ ನಡುಹಗಲಿಗೂ ಸಂಜೆ ಆರಕ್ಕೂ ಬಾರಿಸುವಂಥದು. ಊರಿನವರಿಗೆ ಅದೇ ಗಡಿಯಾರ.

ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಈ ಮನೆಯ ಚರಿತ್ರೆಯನ್ನು. ಕಟ್ಟಡದ ವಯಸ್ಸು ನೂರಮೂವತ್ತು ವರ್ಷಕ್ಕೆ ತುಸು ಮೇಲೆ, ಅಷ್ಟೆ. ಒಳಗಿನ ನೀರಿಗಾದರೋ ಬರೆಹದ ದಾಖಲೆಯೇ ೧೩೦೦ ವರ್ಷಗಳದು. ಈ ನೀರು ನಿಂತುಹೋದೀತೆಂಬ ಭಯವೂ ಈ ಊರಿನಲ್ಲಿ ನೀರಿನಷ್ಟೇ ಹಳೆಯದು. ಆ ಭಯವನ್ನು ತಿಳಿಯದೆ ಈ ಮನೆಯನ್ನು ಕಟ್ಟಿದ ಮುದುಕನ ಧೈರ್ಯವನ್ನು ಅಳೆಯಲಾಗದೆಂದು ನಮಗೆ ತೋರುತ್ತದೆ.

ಮೊದಲು ಸ್ನಾನದ ಮಾತು. ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಟ್ಟು, ಅವುಗಳನ್ನು ಮರದ ಗೂಡಿನಲ್ಲಿಟ್ಟು, ಒಳಕ್ಕೆ ಹೋಗಬೇಕು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ಕೆಳಗಿನ ಅಂತಸ್ತಿನ ದೊಡ್ಡ ಸ್ನಾನಶಾಲೆಗೆ ಕಾಮಿನೋಯು, ಎಂದರೆ ದೇವರ ಬಿಸಿನೀರು, ಎಂದು ಹೆಸರು, ಚಿಕ್ಕದೊಂದಕ್ಕೆ ತಾಮನೋಯು. ದೊಡ್ಡ ಶಾಲೆಯ ತೊಟ್ಟಿ ಗ್ರಾನೈಟ್ ಕಲ್ಲಿನದು. ಕುಳಿತರೆ ನೀರು ಕುತ್ತಿಗೆಯವರೆಗೆ ಬರುವಷ್ಟು ಆಳ. ಗೋಡೆಯಲ್ಲಿ ನೆರೆಯೂರಾದ ತೋಬೆಯ ಪಿಂಗಾಣಿ ಬಿಲ್ಲೆಗಳು, ಬಿಳಿಯ ಮೇಲೆ ನೀಲಿಯ ಚಿತ್ರ. ತೊಟ್ಟಿಯಲ್ಲಿ ನಿಂತ ದುಂಡನೆಯ ಕಲ್ಲುಕಂಬದ ಬಾಯಿಂದ ನೀರು ಬೀಳುತ್ತಿರುತ್ತದೆ. ಇದನ್ನು ಯುಗಾಮ ಎನ್ನುತ್ತಾರೆ. ಯು ಎಂದರೆ ಬಿಸಿನೀರು, ಗಾಮ ಎಂದರೆ ಹಂಡೆ. ನಮ್ಮ ಬಚ್ಚಲುಮನೆಯ ಹಂಡೆಗೂ ಇದಕ್ಕೂ ಹೆಸರಿನ ಸಂಬಂಧವಲ್ಲದೆ ಬೇರೆ ಸಂಬಂಧವಿಲ್ಲ. ಇದರ ಕೆಳಗೆ ಒಲೆಯಿಲ್ಲ.

ಈ ಸ್ನಾನದಲ್ಲಿ ಒಂದು ಕಟ್ಟಳೆಯುಂಟು. ಮೈಯ ಕೊಳೆಯನ್ನೆಲ್ಲ ತೊಟ್ಟಿಯ ಹೊರಗೆ, ಮಣೆಯ ಮೇಲೆ ಕುಳಿತು, ಸಾಬೂನು ಹಚ್ಚಿ ತೊಳೆದುಕೊಂಡು, ಆಮೇಲೆ ನೀರಿಗಿಳಿಯಬೇಕು. ತೊಟ್ಟಿಯ ನೀರು ಎಲ್ಲರದು. ಅದರಲ್ಲಿ ಕೊಳೆ ಬಿಡುವುದು ನೆರೆಯವನ ಊಟದ ಎಲೆಯಲ್ಲಿ ಕೈ ತೊಳೆದಂತೆ. ಇಷ್ಟನ್ನು ನಾವು ಓದಿ ತಿಳಿದೇ ಹೋಗಿದ್ದೆವು. ಆದರೂ ಚೌಕವನ್ನು ನೀರಿನಲ್ಲಿ ಅದ್ದಬಾರದೆಂಬುದು ನೆನಪಿಗೆ ಬರಲಿಲ್ಲ. ಪಕ್ಕದಲ್ಲಿದ್ದ ವೃದ್ಧರೊಬ್ಬರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ತಮ್ಮ ಚೌಕವನ್ನು ನಾಲ್ಕು ಮಡಿಕೆಯಾಗಿ ಮಡಿಸಿ ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡು, ನಮ್ಮ ಕಡೆ ನೋಡಿ ತಲೆಯಾಡಿಸಿದರು. ನಾವೂ ಹಾಗೆಯೇ ಮಾಡಿದೆವು. ಇಷ್ಟು ನಯವಾಗಿ ತಪ್ಪು ತಿದ್ದಿಸಿಕೊಂಡ ನೆನಪು ನಮಗೆ ಮತ್ತೊಂದಿಲ್ಲ.

ನೀರಿಗೆ ಬಣ್ಣವಿಲ್ಲ, ಗಂಧಕದ ವಾಸನೆಯಿಲ್ಲ. ಮೈಗೆ ತಗುಲಿದಾಗ ಸ್ವಲ್ಪ ಜಾರುವಂತಿರುತ್ತದೆ, ಕ್ಷಾರಗುಣವುಳ್ಳ ನೀರು. ಶಾಖವು ಸುಮಾರು ೪೨ ಡಿಗ್ರಿ. ಇದನ್ನು ಕಾಯಿಸುವುದೂ ಇಲ್ಲ, ತಣ್ಣೀರು ಬೆರಸಿ ಆರಿಸುವುದೂ ಇಲ್ಲ. ಊರಿನಲ್ಲಿರುವ ಹಲವು ಬುಗ್ಗೆಬಾವಿಗಳಲ್ಲಿ ಕೆಲವಕ್ಕೆ ಬಿಸಿ ಹೆಚ್ಚು, ಕೆಲವಕ್ಕೆ ಕಡಮೆ. ಅವುಗಳನ್ನೇ ಹದವರಿತು ಒಂದಕ್ಕೊಂದು ಕೂಡಿಸಿ ಮೈಗೆ ಹಿತವಾಗುವಂತೆ ಮಾಡುತ್ತಾರೆ. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಯೆಂದರೆ ಸಾಮಾನ್ಯವಾಗಿ ಅದರ ಹಿಂದೆ ಒಂದು ಜ್ವಾಲಾಮುಖಿ ಇರುತ್ತದೆ. ಶಿಕೋಕುವಿನಲ್ಲಿ ಜೀವಂತವಾದ ಜ್ವಾಲಾಮುಖಿ ಒಂದೂ ಇಲ್ಲ. ಇಲ್ಲಿ ಮಳೆಯ ನೀರು ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕೆ ಇಳಿದು, ಭೂಮಿಯೊಳಗಿನ ಕಾವಿನಿಂದ ಬಿಸಿಯಾಗಿ, ಮತ್ತೆ ಅಂಥ ಬಿರುಕುಗಳಲ್ಲಿಯೇ ಮೇಲಕ್ಕೆ ಬರುತ್ತದೆ. ದಾರಿ ಸೂಕ್ಷ್ಮವಾದುದು. ದ್ವೀಪದ ದಕ್ಷಿಣದ ಕಡಲಿನ ತಳದಲ್ಲಿ ಭೂಮಿಯ ಒಂದು ಫಲಕವು ಮತ್ತೊಂದರ ಕೆಳಗೆ ನುಸುಳುತ್ತಿದೆ. ನೂರು ಇನ್ನೂರು ವರ್ಷಕ್ಕೊಮ್ಮೆ ಅಲ್ಲಿ ಮಹಾಭೂಕಂಪವಾಗುತ್ತದೆ. ಆಗ ಬಂಡೆಗಳ ಒತ್ತಡವು ಬದಲಾಗಿ, ಎಷ್ಟೋ ದೂರದಲ್ಲಿರುವ ದೋಗೋ ಬಾವಿಗಳ ನೀರು ಕೆಳಕ್ಕೆ ಇಳಿದುಹೋಗುತ್ತದೆ.

ಇದು ಈಗಿನವರ ವಿವರಣೆ. ಹಿಂದಿನವರು ಹೇಳುತ್ತಿದ್ದುದು ಬೇರೆ. ಕಾಲಿಗೆ ಗಾಯವಾದ ಬೆಳ್ಳಕ್ಕಿಯೊಂದು ಬಂಡೆಯ ಸಂದಿನಿಂದ ಜಿನುಗುತ್ತಿದ್ದ ಬಿಸಿನೀರಿನಲ್ಲಿ ದಿನವೂ ಕಾಲನ್ನು ಅದ್ದುತ್ತಿತ್ತಂತೆ, ವಾಸಿಯಾದಮೇಲೆ ಹಾರಿಹೋಯಿತಂತೆ, ಅದನ್ನು ಕಂಡು ಜನರೂ ಇಳಿದರಂತೆ. ಇಂದಿಗೂ ನಗಾರಿಯ ಗೋಪುರದ ತುದಿಯಲ್ಲಿ ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯನ್ನು ನಿಲ್ಲಿಸಿದ್ದಾರೆ. ಇನ್ನೊಂದು ಕಥೆ ದೇವತೆಗಳದು. ಓಕುನಿನುಶಿ ಎಂಬ ದೇವನ ಜೊತೆಗಾರನಾದ ಸುಕುನಾಹಿಕೋನ ಎಂಬ ಅಂಗೈಯಗಲದ ಪುಟ್ಟ ದೇವನು ರೋಗದಿಂದ ಮೂರ್ಛೆ ಹೋದಾಗ, ಓಕುನಿನುಶಿ ಅವನನ್ನು ಈ ನೀರಿನಲ್ಲಿ ಮೀಯಿಸಿದನಂತೆ. ಎಚ್ಚರವಾದ ಪುಟ್ಟ ದೇವನು ಒಂದು ಕಲ್ಲಿನ ಮೇಲೆ ನಿಂತು ಕುಣಿದನಂತೆ. ಆ ಕಲ್ಲೆಂದು ಹೇಳುವ ಒಂದನ್ನು ಕಟ್ಟಡದ ಬಡಗಣ ಪಕ್ಕದಲ್ಲಿ ಕಾಪಾಡಿದ್ದಾರೆ.

ಚರಿತ್ರೆ ಇದಕ್ಕೆ ಸಮೀಪವಾಗಿಯೇ ಆರಂಭವಾಗುತ್ತದೆ. ಬೌದ್ಧಧರ್ಮಕ್ಕೆ ಜಪಾನಿನಲ್ಲಿ ನೆಲೆ ಒದಗಿಸಿದ ಶೋತೋಕು ರಾಜಕುಮಾರನು ೫೯೬ರಲ್ಲಿ ಇಲ್ಲಿಗೆ ಬಂದು ಒಂದು ಶಿಲಾಶಾಸನವನ್ನು ನಿಲ್ಲಿಸಿದನೆಂದು ಈ ಸೀಮೆಯ ಹಳೆಯ ದೇಶವರ್ಣನೆಯಲ್ಲಿದೆ. ಕಲ್ಲು ದೊರೆತಿಲ್ಲ, ಪಾಠ ಮಾತ್ರ ಉಳಿದಿದೆ. ೬೩೯ರಲ್ಲಿ ಜೋಮೇ ಚಕ್ರವರ್ತಿಯು ರಾಣಿಯೊಡನೆ ಬಂದನು. ಅದೇ ರಾಣಿ ಗಂಡನ ತರುವಾಯ ಪಟ್ಟವನ್ನೇರಿ, ಸೈಮೇ ಎಂಬ ಹೆಸರಿನಿಂದ ಆಳುತ್ತಿದ್ದಾಗ, ೬೬೧ರಲ್ಲಿ ಕೊರಿಯದ ಪೇಕ್ಚೆ ರಾಜ್ಯಕ್ಕೆ ನೆರವಾಗಲು ನೌಕಾಬಲದೊಡನೆ ಪಡುವಣಕ್ಕೆ ಹೋಗುತ್ತ ಇಲ್ಲಿ ತಂಗಿದಳು. ಹಿಂದೆ ಗಂಡನೊಡನೆ ಕಂಡಿದ್ದ ವಸ್ತುಗಳು ಇನ್ನೂ ಹಾಗೆಯೇ ಇದ್ದುದನ್ನು ನೋಡಿ ಆಕೆಗೆ ದುಃಖ ಉಕ್ಕಿತೆಂದು ಮನ್ಯೋಶೂ ಎಂಬ ಪ್ರಾಚೀನ ಪದ್ಯಸಂಕಲನದ ಟಿಪ್ಪಣಿ ಹೇಳುತ್ತದೆ. ಚಕ್ರವರ್ತಿನಿ ಆ ಯಾತ್ರೆಯಿಂದ ಹಿಂದಿರುಗಲಿಲ್ಲ. ಅದೇ ವರ್ಷ ಕ್ಯೂಷು ದ್ವೀಪದಲ್ಲಿ ತೀರಿಕೊಂಡಳು. ರಾಜರ ದಂಡಯಾತ್ರೆಗಳ ನಡುವೆ ಇಂಥ ಒಂದು ಸಾಲು ಸಿಕ್ಕಿದರೆ ಚರಿತ್ರೆ ಓದಿದ ಶ್ರಮ ಸಾರ್ಥಕವಾಯಿತೆನಿಸುತ್ತದೆ.

ಇದಾದ ಇಪ್ಪತ್ತಮೂರು ವರ್ಷಕ್ಕೆ, ೬೮೪ರ ನವೆಂಬರಿನಲ್ಲಿ, ರಾತ್ರಿ ಮಹಾಭೂಕಂಪವಾಯಿತು. ೭೨೦ರಲ್ಲಿ ಮುಗಿದ ನಿಹೋನ್ ಶೋಕಿ ಎಂಬ ರಾಜಚರಿತೆಯು ಅದನ್ನು ವರ್ಣಿಸುತ್ತ, ಬೆಟ್ಟಗಳು ಕುಸಿದುದನ್ನೂ, ತೋಸ ಸೀಮೆಯ ಹೊಲಗಳು ಕಡಲ ಪಾಲಾದುದನ್ನೂ, ಇಯೋ ಸೀಮೆಯ ಬಿಸಿನೀರು ಹೂತುಹೋಗಿ ಹೊರಡದೆ ನಿಂತುದನ್ನೂ ಬರೆದಿಡುತ್ತದೆ. ಇಯೋ ಸೀಮೆಯ ಬಿಸಿನೀರೆಂದರೆ ದೋಗೋ. ಬುಗ್ಗೆಯು ನಿಂತ ವಾರ್ತೆ ರಾಜಧಾನಿಯ ದಫ್ತರಕ್ಕೆ ಸೇರಿದುದು ಇದೇ ಮೊದಲು.

ನಡುಗಾಲದ ಶತಮಾನಗಳಲ್ಲಿ ಈ ಸೀಮೆ ಕೋನೋ ಎಂಬ ಸಾಮಂತಮನೆತನದ ಕೈಯಲ್ಲಿತ್ತು. ಆ ಮನೆತನದಲ್ಲಿ, ದೋಗೋದ ಹೋಗೋನ್‌ಜಿ ದೇವಾಲಯದಲ್ಲಿ, ೧೨೩೯ರಲ್ಲಿ ಹುಟ್ಟಿದವನು ಇಪ್ಪೆನ್ ಎಂಬ ಸಂನ್ಯಾಸಿ. ಮಠವಿಲ್ಲದೆ, ಆಸ್ತಿಯಿಲ್ಲದೆ, ಊರೂರು ತಿರುಗಿ, ಬುದ್ಧನ ನಾಮ ಬರೆದ ಚೀಟಿಗಳನ್ನು ಕಂಡಕಂಡವರಿಗೆ ಹಂಚಿದವನು ಈತ. ಹಳೆಯ ಯುಗಾಮದ ಶಿಖರದ ಕಲ್ಲಿನ ಮೇಲಿರುವ ನಾಮಾಕ್ಷರಗಳನ್ನು ಸಾಯುವುದಕ್ಕೆ ಒಂದು ವರ್ಷ ಮುಂಚೆ, ೧೨೮೮ರಲ್ಲಿ, ಈತನೇ ಬರೆದುಕೊಟ್ಟನೆಂದು ಹೇಳುತ್ತಾರೆ. ‘ನಮು ಅಮಿದ ಬುತ್ಸು’ ಎಂದು ಜಪಾನೀಯರು ಉಚ್ಚರಿಸುವ ಆ ನಾಮವು ನಮ್ಮ ದೇಶದಿಂದ ಹೊರಟ ‘ನಮೋ ಅಮಿತಾಭ’ವಲ್ಲದೆ ಬೇರೆಯಲ್ಲ. ಚೀನಾದ ಲಿಪಿಯನ್ನು ದಾಟಿ, ಜಪಾನಿನ ನಾಲಗೆಯ ಮೇಲೆ ಹೊರಳಿ, ಒಂದು ಬಿಸಿನೀರಿನ ಕಲ್ಲುಹಂಡೆಯ ತಲೆಯ ಮೇಲೆ ಅದು ಕುಳಿತಿರುವುದನ್ನು ಕಂಡು ನಾವು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆವು. ಈ ಹಳೆಯ ಯುಗಾಮ ಈಗ ಸಮೀಪದ ಉದ್ಯಾನದಲ್ಲಿದೆ. ಇಪ್ಪೆನ್ ಹುಟ್ಟಿದ ದೇವಾಲಯವು ೨೦೧೩ರಲ್ಲಿ ಬೆಂಕಿಗೆ ಸಿಕ್ಕಿ, ಅವನ ಪ್ರಾಚೀನ ಮರದ ಮೂರ್ತಿಯೂ ಸುಟ್ಟುಹೋಯಿತು. ದೇವಾಲಯವನ್ನು ತಿರುಗಿ ಕಟ್ಟಿದ್ದಾರೆ. ಮೂರ್ತಿಯನ್ನು ತರುವುದು ಹೇಗೆ?

೧೬೩೫ರಲ್ಲಿ ಮತ್ಸುಯಾಮಕ್ಕೆ ಒಡೆಯನಾಗಿ ಬಂದ ಮತ್ಸುದೈರಾ ಸದಾಯುಕಿಯು ೧೬೩೮ರಲ್ಲಿ ಸ್ನಾನದ ತೊಟ್ಟಿಗಳನ್ನು ದುರಸ್ತುಮಾಡಿಸಿ, ಜಾತಿಕಟ್ಟಳೆಗೆ ತಕ್ಕಂತೆ ವಿಂಗಡಿಸಿದನು. ಮೊದಲನೆಯ ತೊಟ್ಟಿ ಸಮುರಾಯಿಗಳಿಗೂ ಸಂನ್ಯಾಸಿಗಳಿಗೂ, ಎರಡನೆಯದು ಹೆಂಗಸರಿಗೆ, ಮೂರನೆಯದು ಸಾಮಾನ್ಯ ಗಂಡಸರಿಗೆ. ಎತ್ತು ಕುದುರೆಗಳಿಗೂ ಬೇರೆಯೊಂದಿತ್ತು. ಬುಗ್ಗೆ ಒಂದೇ, ನೀರು ಒಂದೇ. ಮೀಯುವವರಲ್ಲಿ ಮಾತ್ರ ಇಷ್ಟು ಭೇದ. ನಮ್ಮ ದೇಶದವರು ಇದನ್ನು ಕೇಳಿ ನಗುವಂತಿಲ್ಲ.

೧೭೦೭ರ ಮಹಾಕಂಪದಲ್ಲಿ ಬುಗ್ಗೆ ಮತ್ತೆ ನಿಂತಿತು. ತಿಂಗಳುಗಟ್ಟಲೆ ನೀರು ಕಾಣಲಿಲ್ಲ. ಊರಿನವರು ಬಿಸಿನೀರಿನ ದೇವತೆಗಳ ಗುಡಿಯಲ್ಲಿ ನೃತ್ಯಸೇವೆ ಸಲ್ಲಿಸಿ ಹರಕೆ ಹೊತ್ತರು, ನೀರು ಬಂದಿತು. ಆ ಪ್ರಾರ್ಥನೆಯನ್ನು ಇಂದಿಗೂ ವರ್ಷಕ್ಕೊಮ್ಮೆ ಮಾರ್ಚಿ ತಿಂಗಳ ಉತ್ಸವದಲ್ಲಿ ನಡಸುತ್ತಾರೆ. ೧೮೫೪ರ ಡಿಸೆಂಬರಿನಲ್ಲಿ ಮತ್ತೊಂದು ಕಂಪ. ಮತ್ತೆ ನಿಂತಿತು, ಮತ್ತೆ ಬಂದಿತು.

ಆ ೧೮೫೪ರಲ್ಲಿ ದೋಗೋದವನೇ ಆದ ಒಬ್ಬ ಯುವಕನಿಗೆ ಸುಮಾರು ಇಪ್ಪತ್ತಾರು ವರ್ಷ. ಇಸಾನಿವಾ ಯುಕಿಯಾ ಎಂಬುದು ಆತನ ಹೆಸರು. ಮುಂದೆ ಕಾಲ ತಿರುಗಿತು. ೧೮೬೮ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆ ಬಂದು, ಸಾಮಂತರು ಹೋದರು, ಸಮುರಾಯಿಗಳ ಕತ್ತಿಗಳು ಹೋದುವು, ಅನೇಕ ಕೋಟೆಗಳನ್ನು ಕೆಡವಿ ಮರಮುಟ್ಟನ್ನು ಮಾರಿದರು. ಮತ್ಸುಯಾಮದ ಕೋಟೆಯನ್ನು ಸಾರ್ವಜನಿಕ ಉದ್ಯಾನವನ್ನಾಗಿ ಮಾಡಿ ಉಳಿಸಿಕೊಳ್ಳಲು ಶ್ರಮಿಸಿದವರಲ್ಲಿ ಇಸಾನಿವಾ ಒಬ್ಬರು. ೧೮೯೦ರಲ್ಲಿ, ಅರುವತ್ತು ದಾಟಿದ ಮೇಲೆ, ಅವರು ದೋಗೋ ಪೇಟೆಯ ಮೊದಲನೆಯ ಪೌರಾಧ್ಯಕ್ಷರಾದರು. ಸ್ನಾನದ ಮನೆ ಆಗ ಜೀರ್ಣವಾಗಿತ್ತು. ಅವರು ಸಂಬಳವನ್ನು ತೆಗೆದುಕೊಳ್ಳಲೊಲ್ಲದೆ ಮನೆಯ ಪುನರ್ನಿರ್ಮಾಣಕ್ಕೆ ಕೈಹಾಕಿದರು. ಮೊದಲಿಗೆ ಯೋಜೋಯು ಎಂಬ ಚಿಕ್ಕ ಮನೆಯ ಕೆಲಸ ೧೮೯೨ರಲ್ಲಿ ನಡೆಯಿತು. ಆಮೇಲೆ ದೊಡ್ಡದರ ಸರದಿ.

ಅಂದಾಜು ೧,೩೫,೦೦೦ ಯೆನ್. ಈ ಅಂಕೆಯು ಎಷ್ಟು ದೊಡ್ಡದೆಂಬುದಕ್ಕೆ ಒಂದು ಲೆಕ್ಕವುಂಟು. ಮನೆ ಮುಗಿದ ಮರುವರ್ಷ ಮತ್ಸುಯಾಮದ ಮಾಧ್ಯಮಿಕ ಶಾಲೆಗೆ ತೋಕಿಯೋದಿಂದ ಇಂಗ್ಲಿಷ್ ಉಪಾಧ್ಯಾಯರೊಬ್ಬರು ಬಂದರು. ಅವರಿಗೆ ತಿಂಗಳಿಗೆ ೮೦ ಯೆನ್ ಸಂಬಳ, ಮುಖ್ಯೋಪಾಧ್ಯಾಯರಿಗಿಂತ ಹೆಚ್ಚು. ಆ ಸಂಬಳದಲ್ಲಿ ಕಾಸನ್ನೂ ಖರ್ಚುಮಾಡದೆ ಕೂಡಿಟ್ಟರೂ ಆ ಮೊತ್ತವಾಗುವುದಕ್ಕೆ ೧೪೦ ವರ್ಷ ಬೇಕು. ಇಷ್ಟು ಸಾಲವನ್ನು ಒಂದು ಪುಟ್ಟ ಪೇಟೆಯ ತಲೆಯ ಮೇಲೆ ಹೊರಿಸಹೊರಟ ಮುದುಕನನ್ನು ಜನ ಸುಮ್ಮನೆ ಬಿಡಲಿಲ್ಲ. ವಿರೋಧ ಬಲವಾಯಿತು, ಅವರ ಮೈಗೇ ಅಪಾಯ ಬರುವಂತಾಯಿತೆಂದು ಹೇಳುತ್ತಾರೆ.

ವಿರೋಧಿಸಿದವರನ್ನು ಅವಿವೇಕಿಗಳೆಂದು ತಳ್ಳಿಬಿಡುವುದು ಈಗ ಸುಲಭ. ಊರಿನ ಕೈಪಿಡಿಗಳು ಸಾಮಾನ್ಯವಾಗಿ ಹಾಗೆಯೇ ಮಾಡುತ್ತವೆ. ನಮಗೆ ಅದು ನ್ಯಾಯವೆಂದು ತೋರುವುದಿಲ್ಲ. ನಲವತ್ತು ವರ್ಷದ ಹಿಂದೆ ಬುಗ್ಗೆ ಬತ್ತಿದುದನ್ನು ಬಲ್ಲವರು ಆ ಪೇಟೆಯಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಆಗ ವಸತಿಗೃಹಗಳಲ್ಲಿ ಬುಗ್ಗೆಯ ನೀರಿನ ಸ್ನಾನವಿರಲಿಲ್ಲ. ಬಂದವರೆಲ್ಲರೂ ಆ ಒಂದು ಮನೆಗೇ ಹೋಗಬೇಕು. ಹೋಟೆಲಿನವನು, ಚಹದವಳು, ಅಂಗಡಿಯವನು, ಎಲ್ಲರೂ ಉಣ್ಣುತ್ತಿದ್ದುದು ಆ ನೀರಿನ ಅನ್ನ. ನಾಳೆ ನೆಲ ನಡುಗಿ ನೀರು ಹೋದರೆ? ಅರಮನೆಯಂಥ ಮನೆಯೂ ಅದರ ಸಾಲವೂ ಉಳಿದು, ತೊಟ್ಟಿ ಮಾತ್ರ ಒಣಗಿ ನಿಂತಿರುತ್ತದೆ. ಹೀಗೆ ಯೋಚಿಸಿದವನು ಹೇಡಿಯಲ್ಲ. ಲೆಕ್ಕ ಬಲ್ಲ ಸಂಸಾರಿ.

ಇಸಾನಿವಾ ಅವರ ಲೆಕ್ಕ ಬೇರೆ. ನೂರು ವರ್ಷ ಕಳೆದರೂ ಬೇರೆ ಊರಿನವರು ಅನುಕರಿಸಲಾಗದಂಥ ಮನೆಯನ್ನು ಕಟ್ಟಿದರೆ ಮಾತ್ರ ಹಾಕಿದ ಹಣಕ್ಕೆ ಬೆಲೆ, ಅದರಿಂದಲೇ ಊರಿನ ಮುಂದಿನವರ ಜೀವನ, ಎಂಬುದು ಅವರ ವಾದ. ಭೂಕಂಪದ ಭಯ ಅವರಿಗೂ ತಿಳಿಯದುದಲ್ಲ. ನೀರು ನಿಂತ ಪ್ರತಿಸಲವೂ ಮತ್ತೆ ಬಂದಿದೆ ಎಂಬುದೂ ಅವರಿಗೆ ತಿಳಿದಿತ್ತು. ಒಂದೇ ಪುಸ್ತಕವನ್ನು ಓದಿ ಇಬ್ಬರು ಎರಡು ಅರ್ಥ ಮಾಡಿದಂತೆ ಇದು.

ಕೊನೆಗೆ ಅವರ ಮಾತೇ ನಡೆಯಿತು. ಕೋಟೆಯ ಬಡಗಿಗಳ ಪರಂಪರೆಯ ಸಾಕಾಮೋತೋ ಮತಾಹಾಚಿರೋ ಅವರಿಗೆ ಕೆಲಸವನ್ನು ಒಪ್ಪಿಸಿದರು. ಕೋಟೆ ಕಟ್ಟಿಸುವ ಒಡೆಯರು ಇಲ್ಲದಾಗಿದ್ದ ಕಾಲ. ಆ ಕೈಗಳ ವಿದ್ಯೆಯೆಲ್ಲ ಸ್ನಾನದ ಮನೆಗೆ ಬಂದಿತು. ಒಂದರ ಮೇಲೊಂದು ಬಾಗಿ ನಿಂತ ಮಾಡುಗಳು, ಅವುಗಳ ನೆತ್ತಿಯ ಮೇಲೆ ಕೆಂಪು ಗಾಜಿನ ಕಿಟಕಿಗಳ ನಗಾರಿಗೋಪುರ. ಕಂಡವರಿಗೆ ಕೋಟೆಯ ನೆನಪಾಗದಿರದು. ೧೮೯೪ರಲ್ಲಿ ಮನೆ ಮುಗಿಯಿತು. ಮರುವರ್ಷ ಜನರನ್ನು ಕರೆತರಲು ಪುಟ್ಟ ರೈಲೂ ಓಡಿತು. ಅದರ ಹಿಂದೆಯೂ ಇದ್ದವರು ಇಸಾನಿವಾ ಅವರೇ. ೧೮೯೯ರಲ್ಲಿ ರಾಜವಂಶದವರಿಗೆಂದು ಯೂಶಿಂದೆನ್ ಎಂಬ ಬೇರೊಂದು ಭಾಗವನ್ನು ಕಟ್ಟಿದರು. ಸುವರ್ಣದ ತಗಡು, ಚಿತ್ರದ ಬಾಗಿಲು, ಎಲ್ಲವೂ ಅಲ್ಲಿ ಉಂಟು. ಉಪಯೋಗವಾದುದು ಕೈಬೆರಳೆಣಿಕೆಯಷ್ಟು ಸಲ. ನಮಗಂತೂ ಕೆಳಗಿನ ಹೊಗೆಯಾಡುವ ತೊಟ್ಟಿಯೇ ಹೆಚ್ಚು ರಾಜಯೋಗ್ಯವೆನಿಸಿತು.

ಮೇಲೆ ಹೇಳಿದ ಇಂಗ್ಲಿಷ್ ಉಪಾಧ್ಯಾಯರ ಹೆಸರು ನತ್ಸುಮೆ ಸೋಸೆಕಿ. ಮುಂದೆ ಜಪಾನಿನ ಬಹು ದೊಡ್ಡ ಕಾದಂಬರಿಕಾರರಾದವರು. ೧೮೯೫ರ ಏಪ್ರಿಲಿನಲ್ಲಿ ಬಂದು ಒಂದು ವರ್ಷವಿದ್ದು ಹೋದರು. ಆ ಅನುಭವದಿಂದ ೧೯೦೬ರಲ್ಲಿ ಅವರು ಬರೆದ ‘ಬೊಚ್ಚಾನ್’ ಎಂಬ ಕಥೆಯಲ್ಲಿ, ತೋಕಿಯೋದ ಮುಂಗೋಪಿ ತರುಣನೊಬ್ಬ ಇಂಥದೇ ಊರಿಗೆ ಉಪಾಧ್ಯಾಯನಾಗಿ ಬಂದು, ಶಾಲೆಯನ್ನೂ ಸಹೋದ್ಯೋಗಿಗಳನ್ನೂ ಊರನ್ನೂ ಹಳಿಯುತ್ತಾನೆ. ಅವನು ಮೆಚ್ಚುವುದು ಒಂದನ್ನೇ: ಹೊಸದಾದ ಮೂರು ಅಂತಸ್ತಿನ ಸ್ನಾನದ ಮನೆ. ಎಂಟು ಸೆನ್ ಕೊಟ್ಟರೆ ಮೇಲ್ದರ್ಜೆಯ ಸ್ನಾನ, ಉಡಲು ಹತ್ತಿಯ ನಿಲುವಂಗಿ, ಆಮೇಲೆ ಬಟ್ಟಲಿನಲ್ಲಿ ಚಹ. ಯಾರೂ ಇಲ್ಲದಾಗ ಆ ತರುಣ ತೊಟ್ಟಿಯಲ್ಲಿ ಈಜುತ್ತಾನೆ. ಒಂದು ದಿನ ಹೋಗಿ ನೋಡಿದರೆ ಈಜಕೂಡದೆಂಬ ಫಲಕ ಕಾಣಿಸುತ್ತದೆ. ಆ ಫಲಕವನ್ನು ಈಗ ನಿಜವಾಗಿಯೂ ತೂಗುಹಾಕಿದ್ದಾರೆ. ತಮ್ಮನ್ನು ಅಷ್ಟು ಬೈದ ಕಥೆಯ ಹೆಸರನ್ನು ಊರಿನವರು ಸಿಹಿಕಡುಬಿಗೂ ಇಟ್ಟಿದ್ದಾರೆ, ರೈಲಿಗೂ ಇಟ್ಟಿದ್ದಾರೆ. ಮೇಲಂತಸ್ತಿನ ಒಂದು ಕೋಣೆಯೂ ಆ ಹೆಸರಿನದೇ.

ಇಸಾನಿವಾ ೧೯೦೭ರಲ್ಲಿ ತೀರಿಕೊಂಡರು. ಅವರ ವಿರೋಧಿಗಳು ಹೆದರಿದ್ದ ದಿನ ಬಂದುದು ಅದಾದ ಮೂವತ್ತೊಂಬತ್ತು ವರ್ಷಕ್ಕೆ. ೧೯೪೫ರ ಜುಲೈ ೨೬ರ ರಾತ್ರಿ ಅಮೆರಿಕದ ವಿಮಾನಗಳು ಸುರಿದ ಬೆಂಕಿಯಲ್ಲಿ ಮತ್ಸುಯಾಮ ನಗರದ ಬಹುಭಾಗ ಬೂದಿಯಾಯಿತು. ಮರದ ಸ್ನಾನಗೃಹ ಮಾತ್ರ ಉಳಿಯಿತು. ಮರುವರ್ಷ ಡಿಸೆಂಬರ್ ೨೧ರ ನಸುಕಿನಲ್ಲಿ ದಕ್ಷಿಣದ ಕಡಲತಳ ನಡುಗಿತು. ಬುಗ್ಗೆ ನಿಂತಿತು. ಸುಟ್ಟ ನಗರದ ಪಕ್ಕದಲ್ಲಿ, ಯುದ್ಧದಲ್ಲಿ ಸೋತ ದೇಶದಲ್ಲಿ, ಅನ್ನಕ್ಕೆ ಪಡಿಚೀಟಿ ಹಿಡಿದು ನಿಂತಿದ್ದ ಜನರಿಗೆ ಇದ್ದ ಒಂದು ಬಿಸಿಯೂ ಹೋಯಿತು. ಸುಮಾರು ಎಪ್ಪತ್ತು ದಿನ ಹಾಗೆಯೇ ಕಳೆದುವು. ತರುವಾಯ ನೀರು ಮೆಲ್ಲನೆ ಏರಿಬಂದಿತು. ೧೯೫೦ರ ದಶಕದಲ್ಲಿ ಹೊಸ ಬಾವಿಗಳ ನೀರಿನಿಂದ ವಸತಿಗೃಹಗಳಿಗೂ ಸ್ನಾನ ಒದಗಿತು.

ಮನೆಗೆ ನೂರು ತುಂಬಿದ ೧೯೯೪ರಲ್ಲಿ ಜಪಾನು ಸರ್ಕಾರವು ಅದನ್ನು ಪ್ರಮುಖ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಅಂಥ ಪದವಿ ಪಡೆದ ಕಟ್ಟಡಗಳಲ್ಲಿ ಬಹುಪಾಲಿಗೆ ಹಗ್ಗ ಕಟ್ಟಿ, ಮುಟ್ಟಬೇಡಿರೆಂದು ಬರೆದು, ನೋಡಲು ಮಾತ್ರ ಇಟ್ಟಿರುತ್ತಾರೆ. ಇಲ್ಲಿ ದಿನವೂ ನೂರಾರು ಜನ ಒದ್ದೆಮೈಯಲ್ಲಿ ಓಡಾಡುತ್ತಾರೆ. ಆವಿಯೂ ತೇವವೂ ಮರಕ್ಕೆ ಹಗೆ. ಆದುದರಿಂದ ೨೦೧೯ರ ಜನವರಿಯಲ್ಲಿ ದೊಡ್ಡ ದುರಸ್ತಿಯನ್ನು ಆರಂಭಿಸಿದರು. ಎಲ್ಲವನ್ನೂ ಮುಚ್ಚಿಬಿಟ್ಟಿದ್ದರೆ ಕೆಲಸ ಬೇಗನೆ ಮುಗಿಯುತ್ತಿತ್ತು. ಮುಚ್ಚಿದರೆ ಊರು ಬಡವಾಗುತ್ತದೆಂದು, ಕಟ್ಟಡವನ್ನು ಭಾಗಮಾಡಿ, ಒಂದು ಕಡೆ ಹಂಚನ್ನು ಕಳಚುತ್ತಿರುವಾಗ ಇನ್ನೊಂದು ಕಡೆ ಜನ ಮೀಯುವಂತೆ ಏರ್ಪಡಿಸಿದರು. ೨೦೨೪ರ ಜುಲೈ ೧೧ರಂದು ಮನೆಯೆಲ್ಲ ಮತ್ತೆ ತೆರೆಯಿತು.

ಸ್ನಾನವಾದಮೇಲೆ ನಾವು ಎರಡನೆಯ ಅಂತಸ್ತಿನ ಚಾಪೆಯ ಹಜಾರದಲ್ಲಿ ನಿಲುವಂಗಿ ತೊಟ್ಟು ಕುಳಿತೆವು. ಚಹವೂ ಗರಿಗರಿಯಾದ ಅಕ್ಕಿಬಿಲ್ಲೆಯೂ ಬಂದುವು. ಕಿಟಕಿಯ ಹೊರಗೆ ಪೇಟೆ ಎಚ್ಚರಗೊಳ್ಳುತ್ತಿತ್ತು. ನಮ್ಮ ಚೌಕದ ತಪ್ಪನ್ನು ತಿದ್ದಿದ ವೃದ್ಧರು ಮೇಲಕ್ಕೆ ಬರಲಿಲ್ಲ. ಅವರಿಗೆ ಚಹ ಬೇಕಿಲ್ಲ, ಮನೆಯಲ್ಲಿಯೇ ಉಂಟು. ಬುಟ್ಟಿಯನ್ನು ಕೈಯಲ್ಲಿ ಹಿಡಿದು, ಕೆಂಪೇರಿದ ಮುಖದಿಂದ, ಅಂಗಡಿಬೀದಿಯಲ್ಲಿ ಹೋಗುತ್ತಿದ್ದುದು ಕಾಣಿಸಿತು. ಬಾಗಿಲಲ್ಲಿ ಎರಡನೆಯ ಸಾಲು ಆಗಲೇ ನಿಂತಿತ್ತು.